ಹಲ್ಲಿಲ್ಲದ ಮುನ್ನೂರ ಹನ್ನೆರಡು ಕೀಗಳು

ಬೆಳಿಗ್ಗೆ ಆರೂಕಾಲು. ಮತ್ತಿಕೆರೆಯ ಮನೆಯೊಂದರ ಮುಂದೆ ಶಾಂತಲಾ ಎಂಬ ಗೃಹಿಣಿ ನೈಟಿಯ ಮೇಲೆ ಟವೆಲ್ ಹೊದ್ದು, ಎರಡು ಹಾಲಿನ ಪ್ಯಾಕೆಟ್ ಹಿಡಿದು ನಿಂತಿದ್ದಾರೆ. ಹಾಲಿಗೆಂದು ಹೊರಗೆ ಕಾಲಿಟ್ಟಾಗ ಗಾಳಿಗೆ ಬಾಗಿಲು ಹಾಕಿಕೊಂಡಿದೆ. ಒಳಗೆ ಕುಕ್ಕರ್ ಕೂಗುತ್ತಿದೆ. ಬೀಗ ರಿಪೇರಿಯ ಹಬೀಬುಲ್ಲಾ ಸೈಕಲ್ ನಿಲ್ಲಿಸಿ ಮೆಟ್ಟಿಲು ಹತ್ತಿ ಬರುತ್ತಾರೆ. ಬಾಗಿಲ ಕಡೆ ನೋಡುವುದೂ ಇಲ್ಲ. ಚೀಲದಿಂದ ಒಂದು ನೋಟ್‌ಬುಕ್ ತೆಗೆಯುತ್ತಾರೆ.

"ಅಮ್ಮಾ, ಅಕ್ಕಪಕ್ಕದೋರು ಇಬ್ಬರನ್ನ ಕರೀರಿ. ಈ ಮನೆ ನಿಮ್ದೇ ಅಂತ ಸೈನ್ ಹಾಕ್ಬೇಕು."

"ಅಯ್ಯೋ, ಕುಕ್ಕರ್ ಐದು ಸಲ ಕೂಗ್ತು ಕಣ್ರೀ! ಬೇಳೆ ಸೀದೋಗತ್ತೆ!"

"ಬೇಳೆ ಸೀದ್ರೆ ಇನ್ನೊಂದ್ಸಲ ಬೇಯಿಸ್ಬಹುದು. ನಾನು ಒಳಗೆ ಹೋದ್ರೆ ಹದಿನಾಲ್ಕು ತಿಂಗಳು ಆಚೆ ಬರಲ್ಲ."

ಮೇಲಿನ ಮನೆಯ ಬಾಲರಾಜು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಇಳಿದು ಬಂದು ಸೈನ್ ಹಾಕುತ್ತಾರೆ. ಎದುರುಮನೆಯ ಗಂಗರತ್ನಮ್ಮ ಸಾಕ್ಷಿ ನುಡಿಯುತ್ತಾರೆ: "ಇವ್ಳು ನಮ್ ಶಾಂತಲಾನೇ ಕಣಪ್ಪ. ನನ್ ಮಿಕ್ಸಿ ಜಾರ್ ತಗೊಂಡೋಗಿ ವಾಪಸ್ ಕೊಟ್ಟಿಲ್ಲ. ಅದನ್ನೂ ಬರ್ಕೋ." ಹಬೀಬುಲ್ಲಾ ಅದನ್ನೂ ಬರೆದುಕೊಳ್ಳುತ್ತಾರೆ. ಬರೆಯುವುದಕ್ಕೆ ಹತ್ತು ನಿಮಿಷ. ಬಾಗಿಲು ತೆಗೆಯುವುದಕ್ಕೆ ನಲವತ್ತು ಸೆಕೆಂಡ್.

ಪೊಲೀಸರು ಮಾಡಬೇಕಾದ ಮಹಜರನ್ನು ಒಬ್ಬ ಬೀಗದವನು ದಿನಕ್ಕೆ ಎರಡು ಮೂರು ಸಲ ಮಾಡುತ್ತಾನೆಂದರೆ ಅದರ ಹಿಂದೊಂದು ಕಥೆ ಇರಲೇಬೇಕು. ಇದೆ.

ಹಬೀಬುಲ್ಲಾಗೆ ಈಗ ಐವತ್ತನಾಲ್ಕು. ಅಪ್ಪನಿಂದ ಕಲಿತ ಕಸುಬು. ಮಾರ್ಕೆಟ್ ತಿರುವಿನಲ್ಲಿ ಛತ್ರಿಯ ಕೆಳಗೆ ಕೂತು ದಿನಕ್ಕೆ ಹತ್ತು ಹನ್ನೆರಡು ಕೀ ಮಾಡುತ್ತಾರೆ. ರೂಮು ಬಾಡಿಗೆಗೆ ಹಿಡಿದ ಕಾಲೇಜು ಹುಡುಗರು ವಾರಕ್ಕೊಂದು ಕೀ ಕಳೆದು ಅವರ ಹೊಟ್ಟೆ ಹೊರೆಯುತ್ತಾರೆ. ರಸ್ತೆಯ ಆ ಕಡೆ ಇನ್ನೊಂದು ಛತ್ರಿ. ಅಲ್ಲಿ ಕೂರುವವರು ಆಂಜಿನಪ್ಪ. ಅವರದೂ ಬೀಗದ ಕೆಲಸವೇ. ಇಪ್ಪತ್ತು ವರ್ಷದಿಂದ ಇಬ್ಬರಿಗೂ ಕೀ ಉಜ್ಜಲು ಒಂದೇ ಅರ, ಅರ್ಧರ್ಧ ಟೀ.

ಆರು ವರ್ಷದ ಹಿಂದೆ ಹೆಬ್ಬಾಳದ ಕಡೆ ಒಂದು ಮನೆಯಲ್ಲಿ ಒಡವೆ ಕಳುವಾಯಿತು. ಬೀಗ ಒಡೆದಿರಲಿಲ್ಲ. ಬೀಗ ಬಲ್ಲವನದೇ ಕೆಲಸ ಎಂದು ಜೀಪು ನೇರವಾಗಿ ಈ ತಿರುವಿಗೆ ಬಂತು. ಮುಂದಿನದನ್ನು ಆಂಜಿನಪ್ಪ ಇವತ್ತಿಗೂ ಅವಮಾನ ಆದವರ ಹಾಗೆ ಹೇಳುತ್ತಾರೆ:

"ಆ ಮನೆ ಬೀಗ ರಿಪೇರಿ ಮಾಡಿದ್ದು ನಾನು ಸ್ವಾಮಿ ಅಂತ ಕೈ ಎತ್ಕೊಂಡು ಯೋಳ್ದೆ. 'ನೀನು ಸುಮ್ಕಿರಯ್ಯ' ಅಂದ್ರು. ಇವರ ಎಸರು ಕೇಳಿದ್ರು. ಜೀಪ್ ಅತ್ತು ಅಂದ್ರು. ಇಂಗೂ ಉಂಟಾ? ನನ್ ಕೈಲಿ ಆಗೋ ಕೆಲ್ಸ ಅಂತ ಅವರು ನಂಬ್ಲೇ ಇಲ್ವಲ್ಲ!"

ಒಂದೇ ರಸ್ತೆ, ಒಂದೇ ಕಸುಬು, ಎರಡು ಛತ್ರಿ. ಬೇರೆ ಇದ್ದದ್ದು ಹೆಸರು ಮಾತ್ರ. ಇದು ಆಕಸ್ಮಿಕ ಎನ್ನುವವರು ಲೇಖನವನ್ನು ಇಲ್ಲಿಗೇ ಬಿಟ್ಟು ರಾಶಿಭವಿಷ್ಯದ ಪುಟಕ್ಕೆ ಹೋಗಬಹುದು.

ಹಬೀಬುಲ್ಲಾ ಅವರ ಡಬ್ಬದಲ್ಲಿ ಮುನ್ನೂರ ಹನ್ನೆರಡು ಕೀ ಸಿಕ್ಕವು. ಒಡವೆ ಸಿಗಲಿಲ್ಲ. ಕೀಗಳನ್ನು ಬಟ್ಟೆಯ ಚೀಲಕ್ಕೆ ಹಾಕಿ ಅರಗಿನ ಮುದ್ರೆ ಒತ್ತಿ ಕೋರ್ಟಿಗೆ ಕಳಿಸಿದರು. ಇಷ್ಟು ಕೀ ಇಟ್ಟುಕೊಂಡವನು ಸಾಚಾ ಹೇಗಾದಾನು? ಮೂರು ವರ್ಷ ಶಿಕ್ಷೆ. ಮೇಲ್ಮನವಿ ಹಾಕಿ ಜಾಮೀನು ಸಿಗುವಷ್ಟರಲ್ಲಿ ಒಟ್ಟು ಹದಿನಾಲ್ಕು ತಿಂಗಳು ಜೈಲಿನಲ್ಲಿ ಕಳೆದಿತ್ತು. ಹೆಂಡತಿ ನೂರ್‌ಜಹಾನ್ ಸೀರೆಗೆ ಫಾಲ್ಸ್ ಹೊಲಿದು ಮನೆ ನಡೆಸಿದರು.

ಮೇಲ್ಮನವಿಯಲ್ಲಿ ಐಮನ್ ಎಂಬ ವಕೀಲೆ ಒಂದೇ ಒಂದು ಕೋರಿಕೆ ಇಟ್ಟರು: ಚೀಲ ಬಿಚ್ಚಿ, ಇದರಲ್ಲಿ ಯಾವ ಕೀ ಕಳುವಾದ ಮನೆಯ ಬೀಗ ತೆಗೆಯುತ್ತದೆ ತೋರಿಸಿ. ಕಾನ್‌ಸ್ಟೇಬಲ್ ಒಬ್ಬರು ಬೆವರು ಸುರಿಸಿಕೊಂಡು ಒಂದೊಂದೇ ಹಾಕಿ ತಿರುಗಿಸಿದರು. ಹನ್ನೆರಡನೆಯದಕ್ಕೆ ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು, "ಕೊಡಿ ಇಲ್ಲಿ" ಎಂದು ಕೀ ಇಸಿದುಕೊಂಡು ನೋಡಿದರು. ಅದಕ್ಕೆ ಹಲ್ಲೇ ಇರಲಿಲ್ಲ. ಯಾವುದಕ್ಕೂ ಇರಲಿಲ್ಲ. ಎಲ್ಲವೂ ಅಂಗಡಿಯಿಂದ ತಂದ, ಇನ್ನೂ ಹಲ್ಲು ಕೊರೆಯದ ಖಾಲಿ ಕೀಗಳು. ಅವುಗಳಿಂದ ಕಿವಿ ಕೆರೆದುಕೊಳ್ಳಬಹುದು. ಪ್ರಪಂಚದ ಯಾವ ಬೀಗವನ್ನೂ ತೆಗೆಯಲಾಗದು. ಇಷ್ಟು ನೋಡಲು ಸರ್ಕಾರಕ್ಕೆ ಐದು ವರ್ಷ ಬೇಕಾಯಿತು!

ನೀವು ಮೊದಲೇ ಹೇಳಬಾರದಿತ್ತೇ ಎಂದು ನಾನು ರೇಗುತ್ತೇನೆ.

"ಮೊದಲನೇ ದಿನಾನೇ ಹೇಳಿದೆ ಸಾರ್. 'ನಂಗೇ ಬೀಗದ ಪಾಠ ಹೇಳ್ತೀಯಾ' ಅಂತ ಕೆನ್ನೆಗೆ ಒಂದು ಬಿಟ್ರು. ಆಮೇಲೆ ಪಾಠ ನಿಲ್ಲಿಸಿದೆ."

ಹೋದ ವರ್ಷ ಖುಲಾಸೆಯಾಯಿತು. ಆದರೆ ಠಾಣೆಯ ಗೋಡೆಗೆ ಅದು ಗೊತ್ತಿಲ್ಲ. ಅಲ್ಲಿನ ಗಾಜಿನ ಫಲಕದಲ್ಲಿ 'ಹಳೇ ಕಳ್ಳರು' ಎಂಬ ತಲೆಬರಹದ ಕೆಳಗೆ ಮೂರನೇ ಫೋಟೋ ಇವರದೇ. ಮಗಳು ರೂಬಿಯನ್ನು ನೋಡಿ ಒಪ್ಪಿದ ಹುಡುಗ ಪಾಸ್‌ಪೋರ್ಟ್ ವಿಚಾರಣೆಗೆ ಅದೇ ಠಾಣೆಗೆ ಹೋದ. ಭಾವೀ ಮಾವನ ದರ್ಶನವಾಯಿತು. ಫೋಟೋ ಇಳಿದ ಮೇಲೆ ಮಾತಾಡೋಣ ಎಂದು ಬೀಗರು ಹೇಳಿ ಕಳಿಸಿದ್ದಾರೆ.

"ಹಾಕೋದೇ ಆದ್ರೆ ಒಳ್ಳೇ ಫೋಟೋ ಹಾಕ್ಬಾರ್ದಾ ಭಾಯಿ?" ಎನ್ನುತ್ತಾರೆ ನೂರ್‌ಜಹಾನ್. "ಆವತ್ತು ಕೆನ್ನೆ ಊದಿತ್ತು. ನೋಡಿದ್ರೆ ನಂಗೇ ಕಳ್ಳ ಅನ್ನಿಸತ್ತೆ."

ಮಂಗಳವಾರ ನಾನೂ ಹಬೀಬುಲ್ಲಾ ಜೊತೆ ಠಾಣೆಗೆ ಹೋಗುತ್ತೇನೆ. ಯಾವ ಠಾಣೆ ಎಂದು ಬರೆಯುವುದಿಲ್ಲ. ಫಲಕದಲ್ಲಿ ಇನ್ನೂ ಒಂದು ಜಾಗ ಖಾಲಿ ಇದೆ. ಹಬೀಬುಲ್ಲಾ ತೀರ್ಪಿನ ಪ್ರತಿಯನ್ನು ಲ್ಯಾಮಿನೇಟ್ ಮಾಡಿಸಿ ತಂದಿದ್ದಾರೆ. ಹೆಡ್ ಕಾನ್‌ಸ್ಟೇಬಲ್ ಲಕ್ಕಣ್ಣ ಒಳ್ಳೆಯ ಮನುಷ್ಯ. ಪೂರ್ತಿ ಓದಿ ನಿಟ್ಟುಸಿರು ಬಿಡುತ್ತಾರೆ.

"ತೆಗೆಯೋಕೆ ನಾನು ಬೇಡ ಅಂತೀನಾ? ಫಲಕದ ಬೀಗದ ಕೀ ಕಳೆದು ಎರಡು ವರ್ಷ ಆಯ್ತು. ಅದ್ರಲ್ಲಿ ಐದನೆಯವನು ಸತ್ತೇ ಹೋಗವ್ನೆ, ಅವನನ್ನೇ ಇಳಿಸೋಕಾಗಿಲ್ಲ." ಆಮೇಲೆ ದನಿ ತಗ್ಗಿಸುತ್ತಾರೆ. "ನೀವೇ ಒಂದು ಕೈ ನೋಡಿ ಸಾಬ್ರೇ. ನಾನು ಆ ಕಡೆ ತಿರುಗ್ತೀನಿ."

ತೆಗೆದುಬಿಡಿ ಮಾರಾಯ್ರೇ, ಮಗಳ ಮದುವೆ ಎಂದು ನಾನೂ ಅವಸರ ಮಾಡುತ್ತೇನೆ. ಹಬೀಬುಲ್ಲಾ ಬಗ್ಗಿ, ಹೆಬ್ಬೆರಳಿನಷ್ಟಿರುವ ಆ ಬೀಗವನ್ನು ವೈದ್ಯರ ಹಾಗೆ ನೋಡುತ್ತಾರೆ. "ಒಂದು ಹೇರ್‌ಪಿನ್. ಐದು ಸೆಕೆಂಡ್," ಎನ್ನುತ್ತಾರೆ. ನೆಟ್ಟಗೆ ನಿಂತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಸಾಹೇಬರ ಕೋಣೆಯ ಮುಂದಿನ ಬೆಂಚಿಗೆ ಹೋಗಿ ಕೂರುತ್ತಾರೆ.

"ನಾನು ತೆಗೆದ್ರೆ ಹಬೀಬುಲ್ಲಾ ಠಾಣೆ ಬೀಗಾನೂ ತೆಗೆದ ಅಂತಾಗತ್ತೆ. ಈ ಬೀಗ ನಾನು ಹಾಕಿದ್ದಲ್ಲ ಸಾರ್. ಹಾಕಿದೋರೇ ತೆಗೀಲಿ. ಕಾಯ್ತೀನಿ."