ಮದ್ದೂರಿನಲ್ಲಿ ಮುಷ್ಕರ ಹೂಡುತ್ತಿದ್ದ ಕಾರು

ಇಪ್ಪತ್ತಾರು ವರ್ಷಗಳಿಂದ ಇಂಜಿನ್ನಿನ ಸದ್ದು ಕೇಳಿಯೇ ದೋಷ ಹೇಳುತ್ತಿದ್ದ ಮಂಡ್ಯದ ಗುತ್ತಲಿನ ಮೆಕ್ಯಾನಿಕ್ ಇಲ್ಯಾಸನ ತಲೆಯನ್ನು ಶಿಕ್ಷಕಿ ಪಂಕಜಮ್ಮನವರ ಹಳೆಯ ಕಾರು ಕೆಡಿಸಿಬಿಟ್ಟಿತ್ತು. ಮಂಡ್ಯದಲ್ಲಿ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿದ್ದ ಅದು, ಮಳವಳ್ಳಿಯ ಶಾಲೆಗೆ ಹೋಗುವ ದಾರಿಯಲ್ಲಿ ಮದ್ದೂರಿನಲ್ಲಿ ಕಾಫಿಗೆ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುತ್ತಿರಲಿಲ್ಲ. ಇಲ್ಯಾಸ್ ಪ್ಲಗ್ ಬದಲಿಸಿದ, ಇಂಧನದ ಪಂಪ್ ಬದಲಿಸಿದ. ಏನೂ ತಿಳಿಯಲಿಲ್ಲ.

“ಇಲ್ಲಿ ಸರ್ಯಾಗೇ ಐತಲ್ಲ ಮೇಡಂ.”

“ಹಂಗಾದ್ರೆ ನಾನು ಸುಳ್ಳು ಹೇಳ್ತೀನಾ? ನೀನೇ ಬಂದು ನೋಡಪ್ಪ.”

ಇಲ್ಯಾಸ್ ಜೊತೆಗೆ ಹೋದ. ಮದ್ದೂರಿನಲ್ಲಿ ಪ್ಲಗ್ ಬಿಚ್ಚಿ ನೋಡಿದರೆ ಕಿಡಿಯೇ ಇಲ್ಲ. ಗೊಂದಲದಲ್ಲೇ, ಇಂಜಿನ್ ತಿರುಗುವುದನ್ನು ಕಾರಿನ ಕಂಪ್ಯೂಟರಿಗೆ ತಿಳಿಸಿ ಕಿಡಿ ಕೊಡಿಸುವ ಸೆನ್ಸರ್ ಮುಟ್ಟಿದ, ಕೈ ಸುಟ್ಟಿತು. ಬಾಟಲಿ ನೀರು ಸುರಿದು ತಣಿಸಿದ. ಕಾರು ಸ್ಟಾರ್ಟ್ ಆಯಿತು.

“ಗಾಡಿ ನಿಂತ್ಮೇಲೆ ಗಾಳಿ ಸಿಗ್ದೆ ಬಿಸಿಯಾದ್ರೆ ಇದು ಸಾಯ್ತಿತ್ತು ಮೇಡಂ, ಆರಿದ್ಮೇಲೆ ಸರಿಹೋಯ್ತಿತ್ತು.”

ಹೊಸ ಸೆನ್ಸರ್ ಹಾಕಿದ ಮೇಲೂ ಅವನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ವಾರವಿಡೀ ಕಾಫಿಯ ಹೊತ್ತಿಗೆ ಪಂಕಜಮ್ಮನವರಿಗೆ ಫೋನ್ ಮಾಡಿ ವಿಚಾರಿಸುತ್ತಿದ್ದ.