ಲಿಫ್ಟ್‌ನವರ ಹೆಂಡತಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ತಣ್ಣನೆ ಕೋಣೆಯಲ್ಲಿ ಸ್ವೆಟರ್ ತೊಟ್ಟು ಕುಳಿತ ಈಕೆ, ಕಂಪ್ಯೂಟರ್ ಪರದೆಯ ಮೇಲೆ ಒಂದೊಂದೇ ಸಾಲು ಹಸಿರಾಗುವುದನ್ನು ನೋಡುತ್ತಿದ್ದಾರೆ. ಔಷಧದ ದಾಸ್ತಾನು ಲೆಕ್ಕಕ್ಕೆ ಬಂತು. ಲ್ಯಾಬ್ ವರದಿಗಳು ವಾರ್ಡುಗಳಿಗೆ ಹೋದವು. ಇವತ್ತು ಡಯಾಲಿಸಿಸ್ ಆಗಬೇಕಾದವರ ಪಟ್ಟಿ ಮೂರನೇ ಮಹಡಿಯ ಪ್ರಿಂಟರಿನಿಂದ ಹೊರಬೀಳುತ್ತಿದೆ. ಮೇಲಿದ್ದವರಿಗೆ ಇದೆಲ್ಲ ತಾನಾಗಿ ಆದಂತೆ ಕಾಣುತ್ತದೆ.

ಡೇಟಾಬೇಸ್ ಸರ್ವರಿನಲ್ಲಿ ಹೊತ್ತುಹೊತ್ತಿಗೆ ತಾವೇ ಓಡುವ ಇಂಥ ಕೆಲಸಗಳು ನೂರಕ್ಕೂ ಹೆಚ್ಚು. ಒಂದೊಂದಕ್ಕೂ ಒಂದು ಪ್ರಾಕ್ಸಿ ಖಾತೆ, ಅಂದರೆ ತನಗೆ ಬೇಕಾದ ಬಾಗಿಲನ್ನಷ್ಟೇ ತೆಗೆಯಬಲ್ಲ ಬದಲಿ ಗುರುತು. "ಅಕ್ಕಿ ಡಬ್ಬಿ ತೆಗೆಯೋಕೆ ಬೀರು ಕೀಲಿ ಯಾಕೆ ಕೊಡ್ಬೇಕು?" ಎನ್ನುತ್ತಾರೆ ಈಕೆ. ಹಿಂದೆ ಎಲ್ಲವೂ ಒಬ್ಬ ಅಧಿಕಾರಿಯ ಸ್ವಂತ ಖಾತೆಯಲ್ಲೇ ಓಡುತ್ತಿದ್ದವು. ಅವರು ಕೆಲಸ ಬಿಟ್ಟರು, ಖಾತೆ ಮುಚ್ಚಿತು, ಮರುದಿನ ಆಸ್ಪತ್ರೆಯೇ ತಬ್ಬಿಬ್ಬು. ಆಮೇಲೆ ಈಕೆ ಬರೆದ ಪ್ರೋಗ್ರಾಮು ಖಾತೆ ತೆರೆಯುತ್ತದೆ, ಹಕ್ಕು ಕೊಡುತ್ತದೆ, ಅವಧಿ ಮುಗಿಯುವ ಮುನ್ನ ಪಾಸ್‌ವರ್ಡ್ ಬದಲಿಸುತ್ತದೆ, ಕೆಲಸ ಮುಗಿದ ಖಾತೆಯನ್ನು ಕಿತ್ತುಹಾಕುತ್ತದೆ. ಅಂದಿನಿಂದ ಒಂದೂ ನಿಂತಿಲ್ಲ, ಈಕೆಯನ್ನು ಯಾರೂ ಕರೆದೂ ಇಲ್ಲ.

ಕರೆಯುವುದು ಗಂಡನನ್ನು. ಅವರು ಅದೇ ಆಸ್ಪತ್ರೆಯ ಲಿಫ್ಟ್ ಮೆಕ್ಯಾನಿಕ್. ಲಿಫ್ಟೋ, ವಾರಕ್ಕೆರಡು ಸಲ ಮುನಿಸಿಕೊಳ್ಳುವ ಜಾತಿ. ಪಾನಾ ಹಿಡಿದು ಅವರು ಓಡಿ ಬಂದರೆ ವೈದ್ಯರಿಂದ ಕಾವಲುಗಾರನವರೆಗೆ ನಮಸ್ಕಾರ, ಕ್ಯಾಂಟೀನಿನಲ್ಲಿ ಪುಕ್ಕಟೆ ಕಾಫಿ. ಈಕೆ ಮಾತ್ರ ಎಲ್ಲರಿಗೂ 'ಲಿಫ್ಟ್‌ನವರ ಹೆಂಡತಿ'. ಹೊಟ್ಟೆಕಿಚ್ಚಾಗುವುದಿಲ್ಲವೇ ಎಂದರೆ ಮುಚ್ಚುಮರೆಯಿಲ್ಲ.

"ಆಗದೆ ಇನ್ನೇನು? ಕೆಟ್ಟಿದ್ದನ್ನ ಸರಿಮಾಡಿದ್ರೆ ಹೊಗಳ್ತಾರೆ. ಕೆಡದ ಹಾಗೆ ನೋಡ್ಕೊಂಡ್ರೆ, ಇವಳಿಗೇನು ಕೆಲಸ ಅಂತಾರೆ."

ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಮನೆಯಲ್ಲೂ ಸುಳ್ಳಾಗಿಲ್ಲ. ಡಯಾಲಿಸಿಸ್‌ಗೆ ಬರುವ ಅತ್ತೆ ಒಮ್ಮೆ ಲಿಫ್ಟಿನಲ್ಲಿ ಸಿಕ್ಕಿಕೊಂಡರು. ಮಗ ಬಿಡಿಸಿದ ಸುದ್ದಿ ಬೀದಿಗೆಲ್ಲ ಹಬ್ಬಿತು. ಜೊತೆಗೇ ಅತ್ತೆ ಸೊಸೆಯನ್ನು ಕೇಳಿದರು: "ನೀನು ಅಲ್ಲಿ ಏನಮ್ಮ ಮಾಡ್ತೀಯ, ಟೈಪಿಂಗಾ?"

ಆ ಮಾತು ಸೊಸೆಯ ಎದೆಯಲ್ಲಿ ಕುಳಿತುಬಿಟ್ಟಿತು. ಅದೇ ವಾರ ಡಯಾಲಿಸಿಸ್ ಪಟ್ಟಿಯ ಖಾತೆಗೆ ಪಾಸ್‌ವರ್ಡ್ ಬದಲಾಗಬೇಕಿತ್ತು; ಬದಲಾಗದಿದ್ದರೆ ಪಟ್ಟಿ ನಿಂತುಹೋಗುತ್ತದೆ. ಈಕೆ ಪ್ರೋಗ್ರಾಮನ್ನು ತಡೆದು ಕೈಕಟ್ಟಿ ಕುಳಿತರು. ಒಂದು ಬೆಳಿಗ್ಗೆ ಪಟ್ಟಿ ಬರದಿರಲಿ, ತನ್ನನ್ನೂ ಹುಡುಕಿಕೊಂಡು ಯಾರಾದರೂ ಮೆಟ್ಟಿಲಿಳಿದು ಓಡಿ ಬರಲಿ ಎಂಬ ಆಸೆ. ಆದರೆ ಪಟ್ಟಿಯಿಲ್ಲದಿದ್ದರೆ ಯಾರಿಗೆ ಯಾವ ಯಂತ್ರ ಎಂದು ಮೇಲಿನವರಿಗೆ ತಿಳಿಯದು. ಊದಿದ ಕಾಲು ಚಾಚಿ ಬೆಂಚಿನಲ್ಲಿ ಕಾಯುವವರು ಕಣ್ಣಿಗೆ ಕಟ್ಟಿದರು. ಅವರಲ್ಲಿ ಫ್ಲಾಸ್ಕ್ ಹಿಡಿದ ಅತ್ತೆಯೂ ಇದ್ದರು. ಈಕೆ ಬೈದುಕೊಳ್ಳುತ್ತಲೇ ತಡೆ ತೆಗೆದರು. ಪಟ್ಟಿ ಹೊತ್ತಿಗೆ ಸರಿಯಾಗಿ ಬಂತು. ಅವತ್ತೂ ಯಾರೂ ಕೆಳಗಿಳಿದು ಬರಲಿಲ್ಲ.

ಮಾತು ಮುಗಿಯುವಷ್ಟರಲ್ಲಿ ಮೇಲೆ ಗಲಾಟೆ, ಲಿಫ್ಟ್ ಮತ್ತೆ ನಿಂತಿದೆ. ಗಂಡ ಓಡುವ ಸದ್ದಿಗೆ ಈಕೆ ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಾರೆ. ಸನ್ಮಾನ ಗಿನ್ಮಾನ ಏನೂ ಬೇಡವಂತೆ, ಆಸೆ ಒಂದೇ.

"ಒಂದು ತಿಂಗಳು ಇವರ ಲಿಫ್ಟ್ ಕೆಡದೆ ಓಡ್ಲಿ. ಯಾರೂ ಕರೆಯದೆ ಕೂತಿರೋದು ಹೇಗಿರುತ್ತೆ ಅಂತ ಇವರಿಗೂ ಗೊತ್ತಾಗ್ಲಿ."