ಅಲ್ ಖೋರ್ ದಾರಿಯಲ್ಲಿ ತಗ್ಗಿದ ಕಾರು

ಶನಿವಾರ ಬೆಳಿಗ್ಗೆ ದೋಹಾ ಅಲ್ ಜದೀದಾದ ಮನೆಯಿಂದ ನಾನು, ತಂಗಿ ಶೈಲಾ, ಅವಳ ಗಂಡ ಹರೀಶ ಹೊರಟೆವು. ಐವತ್ತು ಕಿಲೋಮೀಟರಿನಾಚೆಯ ಅಲ್ ಖೋರ್‌ನಲ್ಲಿ ಶೈಲಾಳ ಆಫೀಸು. ಹೊಸದಾಗಿ ಲೈಸೆನ್ಸ್ ಸಿಕ್ಕ ಅವಳು ದಿನಾ ತಾನೇ ಕಾರು ಓಡಿಸುತ್ತಿದ್ದಳು. ಈಚೆಗೆ ಹೆದರಿಬಿಟ್ಟಿದ್ದಳು, ಇಲ್ಲಿ ವಾರ ಶುರುವಾಗುವ ಭಾನುವಾರವೇ ಕೆಲಸ ಬಿಡುವುದಾಗಿ ಹೇಳಿದ್ದಳು.

"ನನಗೆ ಡ್ರೈವಿಂಗ್ ಆಗುವುದಿಲ್ಲ ಅಣ್ಣ. ಕಾರು ನನ್ನ ಕೈಯಲ್ಲಿ ನಿಲ್ಲುವುದಿಲ್ಲ."

ಮಂಗಳೂರಿನ ಓಣಿಗಳಲ್ಲಿ ಸ್ಕೂಟರ್ ಹಾರಿಸಿದವಳು ಇವಳೇ. ನನಗೆ ನಂಬಿಕೆ ಬರಲಿಲ್ಲ, ಬೇಜಾರೂ ಆಯಿತು. ನೋಡಿಯೇ ಬಿಡೋಣವೆಂದು ಅವಳನ್ನೇ ಓಡಿಸಲು ಹೇಳಿ ಪಕ್ಕದಲ್ಲಿ ಕುಳಿತೆ.

ನಗರದ ವೆಸ್ಟ್ ಬೇ ದಾಟುವವರೆಗೆ ಎಲ್ಲ ಸಲೀಸು. ಹೆದ್ದಾರಿಯಲ್ಲಿ ಬಿಸಿಗಾಳಿ, ತೆಳು ದೂಳು. ರಸ್ತೆ ಉಬ್ಬಿದಲ್ಲೆಲ್ಲ ಕಾರು ಸರಕ್ಕನೆ ಪಕ್ಕಕ್ಕೆ ಎಳೆಯಿತು. ಶೈಲಾಳ ಕೈ ಮಾತ್ರ ಅಲುಗಿರಲಿಲ್ಲ.

ಅಲ್ ಖೋರ್‌ನ ಕಡಲ ಬದಿಯಲ್ಲಿ ಕರಕ್ ಚಹಾ ಕುಡಿಯುತ್ತ ಕೇಳಿದೆ. "ಹರೀಶ, ಈ ಕಾರು ಮೊದಲೂ ಇಷ್ಟು ತಗ್ಗಿತ್ತಾ?"

"ಇಲ್ಲ ಭಾವ, ಎರಡು ವಾರದ ಹಿಂದೆ ಗಿಡ್ಡ ಸ್ಪ್ರಿಂಗ್ ಹಾಕಿಸಿದೆ. ಲುಕ್ ಬರ್ತದಲ್ಲ. ಚಕ್ರದ ಅಲೈನ್‌ಮೆಂಟ್ ಆಯ್ತಾ ಅಂತಲೂ ಕೇಳಿದ್ದೇನೆ, ಖಲಾಸ್ ಅಂದ್ರು."

ಶೈಲಾ ಲೋಟ ಕೆಳಗಿಟ್ಟಳು. "ನನಗೆ ಹೆದರಿಕೆ ಶುರುವಾದದ್ದೂ ಆಗಲೇ."

ಊಟಕ್ಕೂ ನಿಲ್ಲದೆ ಸ್ಪ್ರಿಂಗ್ ಹಾಕಿಸಿದ ದೋಹಾದ ಗ್ಯಾರೇಜಿಗೆ ಹೋದೆವು. ಮಲಯಾಳಿ ಮೆಕ್ಯಾನಿಕ್ ನಕ್ಕು ಹಿಂದಿಯಲ್ಲಿ ವಿವರಿಸಿದ: ಅಲೈನ್‌ಮೆಂಟ್ ಮಾಡುವವನು ಅಂದು ಬಾಗಿಲು ಹಾಕುತ್ತಿದ್ದ, ಇವತ್ತಿಗೆ ಮುಗಿಯಿತು ಎಂಬರ್ಥದಲ್ಲಿ ಖಲಾಸ್ ಎಂದಿದ್ದ. ಹರೀಶನೋ ಕೆಲಸವೇ ಮುಗಿಯಿತೆಂದುಕೊಂಡು ಬಂದಿದ್ದ.

ಕಾರನ್ನು ರ‍್ಯಾಂಪಿಗೆ ಹತ್ತಿಸಿದರು. ನಾನೂ ಕೆಳಗೆ ಬಗ್ಗಿದೆ. ಮುಂದಿನ ಚಕ್ರಗಳ ತಲೆ ಒಳಕ್ಕೆ ವಾಲಿತ್ತು, ಟೈರಿನ ಒಳಅಂಚು ಸವೆದಿತ್ತು. ಸ್ಟಿಯರಿಂಗಿನಿಂದ ಚಕ್ರಕ್ಕೆ ಹೋಗುವ ರಾಡು ಸುಮಾರು ಮಟ್ಟಸವಾಗಿರಬೇಕಂತೆ. ಇಲ್ಲಿ ಕಾರು ಕುಸಿದು ಅದು ಮೇಲ್ಮುಖವಾಗಿತ್ತು. ಉಬ್ಬಿನಲ್ಲಿ ಚಕ್ರ ಮೇಲೆದ್ದಾಗ ಆ ಓರೆ ರಾಡು ಚಕ್ರವನ್ನೇ ತಿರುಗಿಸುತ್ತದೆ. ಎಂಥ ಸೋಜಿಗ! ಯಾರೂ ತಿರುಗಿಸದೆ ಕಾರು ತಿರುಗುವುದು ಹೀಗೆ.

"ಈ ಗಿಡ್ಡ ಸ್ಪ್ರಿಂಗ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿದರೂ ಸಮ ರಸ್ತೆಗೆ ಮಾತ್ರ ಸರಿ. ಉಬ್ಬು ಬಂದರೆ ಮತ್ತೆ ಎಳೆಯುತ್ತದೆ" ಎಂದ ಮೆಕ್ಯಾನಿಕ್.

ಶೈಲಾ ಗಂಡನತ್ತ ತಿರುಗಿದಳು. "ಅವತ್ತು ನಾನು ಅಳುವಾಗ ನೀವು ಎಂತ ಹೇಳಿದ್ರಿ?"

"ಪ್ರಾಕ್ಟೀಸ್ ಸಾಲದು ಅಂದೆ."

ಹರೀಶ ಕಾರನ್ನು ಆಸೆಯಿಂದ ಒಮ್ಮೆ ನೋಡಿ, ಹಳೆಯ ಸ್ಪ್ರಿಂಗನ್ನೇ ಹಾಕಲು ಹೇಳಿದ. ಅಲೈನ್‌ಮೆಂಟ್ ಮುಗಿಯುವವರೆಗೆ ಅಲ್ಲಿಂದ ಕದಲಲಿಲ್ಲ.

ಸಂಜೆ ಶೈಲಾ ಬೇಕೆಂದೇ ಉಬ್ಬುತಗ್ಗಿನ ರಸ್ತೆ ಹಿಡಿದಳು. ಕಾರು ನೆಟ್ಟಗೆ ಹೋಯಿತು. ಅವಳು ಮತ್ತೊಂದು ಸುತ್ತು ಹೊಡೆದಳು. ಮನೆ ಮುಂದೆ ಹರೀಶ ನಾಳೆಯಿಂದ ಕಾರು ತನಗೇ ಎಂಬಂತೆ ಕೀಗೆ ಕೈಚಾಚಿದ. ಅವಳು ಕೊಡಲಿಲ್ಲ.

"ನಾಳೆ ನನಗೆ ಆಫೀಸುಂಟು. ನೀವು ಮೆಟ್ರೋದಲ್ಲಿ ಹೋಗಿ."